ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಗಿಡಮೂಲಿಕೆ: ತಟ್ಟೆಯಿಂದ ರಕ್ತದವರೆಗೆ

ಲಕ್ಷ್ಮಣಫಲ ಕಿಮೊಥೆರಪಿಗಿಂತ ಹತ್ತು ಸಾವಿರ ಪಟ್ಟು ಪ್ರಬಲ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಆ ಮಾತಿಗೆ ಒಂದು ಮೂಲವಿದೆ. 1990ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಲಕ್ಷ್ಮಣಫಲದ ಬೀಜದಿಂದ ಕೆಲವು ಸಂಯುಕ್ತಗಳನ್ನು ಬೇರ್ಪಡಿಸಿದರು. ಅವುಗಳಲ್ಲೊಂದು, ದೊಡ್ಡಕರುಳಿನ ಕ್ಯಾನ್ಸರಿನ ಒಂದು ಬಗೆಯ ಕೋಶಗಳನ್ನು ಕೊಲ್ಲುವುದರಲ್ಲಿ ಅಡ್ರಿಯಾಮೈಸಿನ್ ಎಂಬ ಕಿಮೊ ಔಷಧಕ್ಕಿಂತ ಹತ್ತು ಸಾವಿರ ಪಟ್ಟು ತೀಕ್ಷ್ಣವಾಗಿತ್ತು. ಪ್ರಯೋಗ ನಡೆದದ್ದು ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಕಿದ ಕೋಶಗಳ ಮೇಲೆ. ಬಳಸಿದ್ದು ಶುದ್ಧೀಕರಿಸಿದ ಒಂದೇ ರಾಸಾಯನಿಕ. ಹಣ್ಣು ತಿಂದ ರೋಗಿ ಆ ಪ್ರಯೋಗದಲ್ಲಿ ಎಲ್ಲೂ ಇರಲಿಲ್ಲ.

ತಟ್ಟೆಗೂ ರೋಗಿಗೂ ನಡುವಿನ ಈ ದೂರವನ್ನು ಅಳೆಯಲು ಪ್ರಾಸ್ಟೇಟ್ ಕ್ಯಾನ್ಸರಿನಷ್ಟು ಒಳ್ಳೆಯ ಉದಾಹರಣೆ ಸಿಗಲಾರದು. ಅರಿಶಿನ, ಅಶ್ವಗಂಧ, ಬೇವು, ಮರದರಿಶಿನ, ದಾಳಿಂಬೆ, ಹಸಿರು ಚಹಾ, ಚೀನೀ ಮೂಲಿಕೆಗಳು ಹೀಗೆ ಪರಂಪರೆಯ ವೈದ್ಯದ ಹೆಸರಾಂತ ಸಸ್ಯಗಳೆಲ್ಲ ಈ ರೋಗದ ಕೋಶಗಳ ಮೇಲೆ ಪರೀಕ್ಷೆಗೊಳಗಾಗಿವೆ. ಕೆಲವು ಮನುಷ್ಯರವರೆಗೂ ಬಂದಿವೆ. ಈ ಪಟ್ಟಿಯ ಹೊರಗಿನ ಒಂದು ಗಿಡವಂತೂ ಆಸ್ಪತ್ರೆಯ ಔಷಧವೇ ಆಗಿದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಸಸ್ಯಗಳ ಶಕ್ತಿ ನಿಜ. ಆ ಶಕ್ತಿಯನ್ನು ಕಠಿಣ ಪರೀಕ್ಷೆಗೆ ಒಡ್ಡದೆ ಕಾಯಿಲೆಯವರ ಕೈಗೆ ಕೊಡುವುದು ಸಸ್ಯಕ್ಕೂ ರೋಗಿಗೂ ಮಾಡುವ ಅನ್ಯಾಯ.

ಪ್ರಾಸ್ಟೇಟ್ ಎಂಬುದು ಗಂಡಸರ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಪುಟ್ಟ ಗ್ರಂಥಿ. ವಯಸ್ಸಾದಂತೆ ಇದು ಊದಿಕೊಂಡು ಮೂತ್ರ ಕಟ್ಟುವುದು ತೀರ ಸಾಮಾನ್ಯ. ಸುಶ್ರುತ ಸಂಹಿತೆ ಮೂತ್ರಾಘಾತದ ಹನ್ನೆರಡು ಬಗೆಗಳನ್ನು ಎಣಿಸುವಾಗ ವಾತಾಷ್ಠೀಲವನ್ನು ಹೇಳುತ್ತದೆ. ಕಲ್ಲಿನಂತೆ ಗಟ್ಟಿಯಾದ ಗಂಟೊಂದು ದಾರಿ ಕಟ್ಟುವ ಸ್ಥಿತಿ ಅದು. ಆ ಗಂಟು ಬರೀ ಊತವೋ ಕ್ಯಾನ್ಸರೋ ಎಂದು ತಿಳಿಯಲು ಸೂಕ್ಷ್ಮದರ್ಶಕ ಬರಬೇಕಾಯಿತು. 1853ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಆಡಮ್ಸ್ ಪ್ರಾಸ್ಟೇಟ್ ಕ್ಯಾನ್ಸರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದಾಗ ಅದು ಬಹು ಅಪರೂಪದ ರೋಗವೆಂದೇ ಬರೆದ. 2022ರಲ್ಲಿ ಜಗತ್ತಿನಲ್ಲಿ ಸುಮಾರು 14.7 ಲಕ್ಷ ಗಂಡಸರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು. ಸುಮಾರು ನಾಲ್ಕು ಲಕ್ಷ ಜನ ಇದರಿಂದ ತೀರಿಕೊಂಡರು. ಬೆಂಗಳೂರಿನ ಗಂಡಸರಲ್ಲೂ ಇದೀಗ ಪ್ರಮುಖ ಕ್ಯಾನ್ಸರ್‌ಗಳ ಸಾಲಿಗೆ ಸೇರಿದೆ.

ಈ ಕ್ಯಾನ್ಸರಿನ ಮರ್ಮ ಹಾರ್ಮೋನಿನಲ್ಲಿದೆ ಎಂದು ತೋರಿಸಿದವರು ಷಿಕಾಗೊದ ಚಾರ್ಲ್ಸ್ ಹಗಿನ್ಸ್. ವೃಷಣಗಳನ್ನು ತೆಗೆದರೆ ಅಥವಾ ಈಸ್ಟ್ರೋಜನ್ ಕೊಟ್ಟರೆ ರೋಗ ಇಳಿಯುತ್ತದೆಂದು 1941ರಲ್ಲಿ ಅವರು ಪ್ರಕಟಿಸಿದರು; 1966ರಲ್ಲಿ ನೊಬೆಲ್ ಬಂತು. ವೃಷಣಗಳಿಂದ ಬರುವ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನು ಕೋಶದೊಳಗಿನ ಆಂಡ್ರೊಜನ್ ಗ್ರಾಹಕಕ್ಕೆ ಬೀಗಕ್ಕೆ ಕೀಲಿಯಂತೆ ಕೂಡಿಕೊಳ್ಳುತ್ತದೆ. ಆಗ ಗ್ರಾಹಕ ಕೋಶಕೇಂದ್ರಕ್ಕೆ ಹೋಗಿ ಬೆಳವಣಿಗೆಯ ಜೀನುಗಳನ್ನು ಚಾಲೂ ಮಾಡುತ್ತದೆ. ರೋಗದ ಏರಿಳಿತ ತಿಳಿಯಲು ನಾವು ರಕ್ತದಲ್ಲಿ ಅಳೆಯುವ ಪಿಎಸ್‌ಎ ಎಂಬ ಪ್ರೋಟೀನು ತಯಾರಾಗುವುದೂ ಈ ಗ್ರಾಹಕದ ಅಪ್ಪಣೆಯಿಂದಲೇ. ಟೆಸ್ಟೊಸ್ಟೆರಾನನ್ನು ತಗ್ಗಿಸುವ ಅಥವಾ ತಡೆಯುವ ಹಾರ್ಮೋನ್ ಚಿಕಿತ್ಸೆಯೇ ಇಂದಿಗೂ ಮುಂದುವರಿದ ರೋಗದ ಆರೈಕೆಗೆ ಬುನಾದಿ. ತೊಂದರೆಯೆಂದರೆ, ಕಾಲಕ್ರಮದಲ್ಲಿ ಕೋಶಗಳು ಹಾರ್ಮೋನ್ ಇಲ್ಲದೆಯೂ ಬೆಳೆಯಲು ಕಲಿಯುತ್ತವೆ. ಆ ಹಂತ ತಲುಪಿದ ಕೋಶಗಳನ್ನು ಕೊಲ್ಲುವ ವಸ್ತುವಿಗಾಗಿಯೇ ಸಂಶೋಧಕರು ಸಸ್ಯಗಳ ಕಡೆ ತಿರುಗಿದ್ದು.

ಇಲ್ಲಿ ತಟ್ಟೆಯ ವಿಚಾರ ಸ್ವಲ್ಪ ಹತ್ತಿರದಿಂದ ನೋಡಬೇಕು. ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆ ನಡೆದರೂ ಮೂರು ಕೋಶವಂಶಗಳ ಹೆಸರು ಕೇಳಿಬರುತ್ತದೆ: ಎಲ್‌ಎನ್‌ಕ್ಯಾಪ್, ಪಿಸಿ-3, ಡಿಯು-145. ಮೂರೂ 1970ರ ದಶಕದಲ್ಲಿ ಮೂವರು ರೋಗಿಗಳ ದೇಹದಿಂದ ಬಂದವು. ಮೊದಲನೆಯದು ಕ್ಯಾನ್ಸರ್ ಹಬ್ಬಿದ್ದ ದುಗ್ಧಗ್ರಂಥಿಯಿಂದ, ಎರಡನೆಯದು ಮೂಳೆಯಿಂದ, ಮೂರನೆಯದು ಮಿದುಳಿನಿಂದ. ಎಲ್‌ಎನ್‌ಕ್ಯಾಪ್ ಹಾರ್ಮೋನಿಗೆ ಸ್ಪಂದಿಸುತ್ತದೆ, ಉಳಿದೆರಡಕ್ಕೆ ಅದರ ಹಂಗಿಲ್ಲ. ಸಂಶೋಧಕರು 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ಫಲಕದಲ್ಲಿ ಈ ಕೋಶಗಳನ್ನು ಬಿತ್ತಿ, ಗುಳಿಯಿಂದ ಗುಳಿಗೆ ಪ್ರಮಾಣ ಏರಿಸುತ್ತ ಸಸ್ಯದ ಸಂಯುಕ್ತವನ್ನು ಹಾಕುತ್ತಾರೆ. ಒಂದೆರಡು ದಿನ ಬಿಟ್ಟು ಎಂಟಿಟಿ ಎಂಬ ಹಳದಿ ಬಣ್ಣದ ದ್ರಾವಣ ಸುರಿಯುತ್ತಾರೆ. ಬದುಕಿರುವ ಕೋಶಗಳು ಅದನ್ನು ನೇರಳೆಗೆ ತಿರುಗಿಸುತ್ತವೆ. ಸತ್ತಲ್ಲಿ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ಗಿಡಮೂಲಿಕೆ ಕ್ಯಾನ್ಸರ್ ಕೋಶಗಳನ್ನು ಕೊಂದಿತು ಎಂಬ ಪತ್ರಿಕಾ ಸುದ್ದಿಗಳಲ್ಲಿ ಬಹುಪಾಲು ಇಂಥ ಫಲಕದ ಬಣ್ಣವನ್ನು ಆಧರಿಸಿದವು. ಉಪ್ಪು ಜಾಸ್ತಿ ಮಾಡಿದರೂ ಆ ಕೋಶಗಳು ಸಾಯುತ್ತವೆ. ಆದ್ದರಿಂದ ಅದೇ ಪ್ರಮಾಣಕ್ಕೆ ಆರೋಗ್ಯವಂತ ಪ್ರಾಸ್ಟೇಟ್ ಕೋಶಗಳು ಉಳಿದವೇ ಎಂಬುದನ್ನೂ ಜೊತೆಯಲ್ಲಿ ನೋಡಿರಬೇಕು. ಕೆಲವು ಪ್ರಬಂಧಗಳು ನೋಡಿವೆ, ಅನೇಕವು ನೋಡಿಲ್ಲ.

ಹಾಗೆಂದು ಈ ಕೆಲಸವನ್ನು ಹಗುರವಾಗಿ ಕಾಣಬಾರದು. ಚೆನ್ನಾಗಿ ನಡೆದ ಪ್ರಯೋಗಗಳು ಕೋಶದೊಳಗಿನ ಹೊಸ ದಾರಿಗಳನ್ನೇ ತೋರಿಸಿವೆ. ಅಶ್ವಗಂಧದ ವಿಥಫೆರಿನ್-ಎ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನ ನನಗೆ ಬಹಳ ಹಿಡಿಸಿದ್ದು. ಹಾರ್ಮೋನಿಗೆ ಜಗ್ಗದ ಪಿಸಿ-3 ಕೋಶಗಳಲ್ಲಿ ಈ ಸಂಯುಕ್ತ ಪಾರ್-4 ಎಂಬ ಪ್ರೋಟೀನನ್ನು ಹೆಚ್ಚಿಸಿ ಕೋಶಗಳು ತಾವಾಗಿ ಸಾಯುವಂತೆ ಮಾಡಿತು. ಇಲಿಗಳಲ್ಲಿ ಬೆಳೆಸಿದ ಗಡ್ಡೆಯೂ ಕುಗ್ಗಿತು. ಸಂಶೋಧಕರು ಅಲ್ಲಿಗೇ ನಿಲ್ಲಲಿಲ್ಲ. ಪಿಸಿ-3ಗೆ ಇಲ್ಲದಿದ್ದ ಆಂಡ್ರೊಜನ್ ಗ್ರಾಹಕವನ್ನು ಮರಳಿ ಸೇರಿಸಿ ನೋಡಿದರು. ಸಂಯುಕ್ತದ ಪರಿಣಾಮ ನಿಂತುಹೋಯಿತು. ಗ್ರಾಹಕ ಇರುವ ಕೋಶಗಳಲ್ಲಿ ವಿಥಫೆರಿನ್ ಒಂಟಿಯಾಗಿ ಕೆಲಸ ಮಾಡಲಿಲ್ಲ, ಹಾರ್ಮೋನ್ ತಡೆಯುವ ಔಷಧವೂ ಜೊತೆಗಿದ್ದಾಗ ಮಾಡಿತು. ಅಂದರೆ ಒಂದೇ ಮೂಲಿಕೆಯ ಒಂದೇ ಸಂಯುಕ್ತ, ರೋಗದ ಹಂತ ಬದಲಾದರೆ ಬೇರೆಯಾಗಿಯೇ ವರ್ತಿಸಬಹುದು. ಪ್ರಾಸ್ಟೇಟ್ ಕ್ಯಾನ್ಸರಿಗೆ ಅಶ್ವಗಂಧ ಒಳ್ಳೆಯದೇ ಎಂದು ಕೇಳುವವರಿಗೆ ಒಂದೇ ಸಾಲಿನ ಉತ್ತರ ಕೊಡಲಾಗದಿರುವುದು ಈ ಕಾರಣಕ್ಕೆ.

ಬೇವಿನ ನಿಂಬೊಲೈಡ್ ಡಿಯು-145 ಕೋಶಗಳಲ್ಲಿ ಸ್ಟ್ಯಾಟ್-3 ಎಂಬ ಬೆಳವಣಿಗೆಯ ಸಂಕೇತವನ್ನು ಅಡಗಿಸುತ್ತದೆ. ಈ ಕ್ಯಾನ್ಸರ್ ಬರುವಂತೆಯೇ ತಳಿ ರೂಪಿಸಿದ ಇಲಿಗಳಲ್ಲೂ ಪರಿಣಾಮ ಕಂಡಿದೆ. ಮರದರಿಶಿನದ ಬರ್ಬೆರಿನ್ ಕೋಶವಿಭಜನೆಯನ್ನು ನಿಲ್ಲಿಸುತ್ತದೆ. ಇವೆರಡೂ ಪ್ರಾಸ್ಟೇಟ್ ಕ್ಯಾನ್ಸರಿನ ಮಟ್ಟಿಗೆ ಇನ್ನೂ ಪ್ರಯೋಗಾಲಯದ ವಿಷಯಗಳೇ. ಎಲ್ಲಕ್ಕಿಂತ ಹೆಚ್ಚು ಕಾಗದ ಖರ್ಚಾಗಿರುವುದು ಅರಿಶಿನದ ಕರ್ಕ್ಯುಮಿನ್ ಮೇಲೆ.

ಕರ್ಕ್ಯುಮಿನ್ ತಟ್ಟೆಯಲ್ಲಿ ಆಂಡ್ರೊಜನ್ ಗ್ರಾಹಕವನ್ನು ತಗ್ಗಿಸುತ್ತದೆ, ಉರಿಯೂತದ ಸಂಕೇತಗಳನ್ನು ತಡೆಯುತ್ತದೆ, ಮೂರೂ ಕೋಶವಂಶಗಳನ್ನು ಕೊಲ್ಲುತ್ತದೆ. ಇದಕ್ಕೆ ಬೇಕಾಗುವ ಸಾಂದ್ರತೆ ಸಾಮಾನ್ಯವಾಗಿ 10ರಿಂದ 50 ಮೈಕ್ರೊಮೋಲಾರ್. 2001ರಲ್ಲಿ ತೈವಾನಿನ ವೈದ್ಯರು ರೋಗಿಗಳಿಗೆ ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದರು. ಸರಾಸರಿ ಗರಿಷ್ಠ ಮಟ್ಟ 2 ಮೈಕ್ರೊಮೋಲಾರ್‌ಗೂ ಕಡಿಮೆ ಇತ್ತು. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರ ಆಸುಪಾಸು. 8 ಗ್ರಾಂ ಬೇಕೆಂದರೆ ದಿನಕ್ಕೆ ಕಾಲು ಕಿಲೊಗೂ ಹೆಚ್ಚು ಅರಿಶಿನ ಪುಡಿ ತಿನ್ನಬೇಕು. ತಿಂದರೂ ಗಡ್ಡೆ ತಲುಪುವುದು ತಟ್ಟೆಯಲ್ಲಿದ್ದುದರ ಚೂರುಪಾರು. ಕರುಳೂ ಯಕೃತ್ತೂ ಸೇರಿ ಅದನ್ನು ಬೇಗನೆ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತವೆ. ಸಾಲದ್ದಕ್ಕೆ ಈ ಅಣುವೇ ಅಸ್ಥಿರ: ದೇಹದ ಉಷ್ಣತೆಯ, ರಕ್ತದಷ್ಟೇ ಕ್ಷಾರವಿರುವ ಬರೀ ದ್ರಾವಣದಲ್ಲಿ ಅರ್ಧ ಗಂಟೆಯೊಳಗೆ ಶೇ 90ರಷ್ಟು ಒಡೆದುಹೋಗುತ್ತದೆ.

ಬೆಂಗಳೂರಿನ ಪಾತ್ರ ಇಲ್ಲಿ ಬರುತ್ತದೆ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಸತ್ವ, ಕೊಟ್ಟು ನೋಡಿದರು. ರಕ್ತ ಸೇರುವ ಕರ್ಕ್ಯುಮಿನ್ ಶೇ 2000ದಷ್ಟು ಹೆಚ್ಚಿತು. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಕರ್ಕ್ಯುಮಿನ್ ಗುಳಿಗೆ ಕೊಂಡರೂ ಅದರಲ್ಲಿ ಮೆಣಸಿನ ಸತ್ವ ಸೇರಿಸಿರುವ ಸಾಧ್ಯತೆ ಇದೆಯಲ್ಲ, ಅದರ ಮೂಲ ಈ ಪುಟ್ಟ ಅಧ್ಯಯನ. ಅಂಕಿ ದೊಡ್ಡದಾಗಿ ಕಂಡರೂ, ಏರಿಕೆ ಶುರುವಾದದ್ದು ಹೆಚ್ಚುಕಡಿಮೆ ಸೊನ್ನೆಯಿಂದ ಮತ್ತು ಉಳಿದದ್ದು ಒಂದು ಗಂಟೆಯೊಳಗಿನ ಅವಧಿಗೆ ಎಂಬುದನ್ನು ಮರೆಯಬಾರದು. ಪೈಪರಿನ್ ಈ ಕೆಲಸ ಮಾಡುವುದು ಔಷಧಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ತಡೆದು. ಪೈಪರಿನ್ ತಡೆಯುವ ಕಿಣ್ವಗಳಲ್ಲೊಂದು ಡೋಸಿಟ್ಯಾಕ್ಸೆಲ್ ಎಂಬ ಪ್ರಾಸ್ಟೇಟ್ ಕ್ಯಾನ್ಸರಿನ ಕಿಮೊ ಔಷಧವನ್ನೂ ಒಡೆಯುತ್ತದೆ. ಇಲಿಗಳಲ್ಲಿ ಪೈಪರಿನ್ ಜೊತೆಗೆ ಕೊಟ್ಟಾಗ ಆ ಔಷಧದ ಪರಿಣಾಮ ಹೆಚ್ಚಿದ್ದನ್ನು 2012ರಲ್ಲಿ ಕಂಡಿದ್ದಾರೆ. ಲೆಕ್ಕ ಹಾಕಿ ಕೊಟ್ಟರೆ ಇದು ಉಪಕಾರ. ವೈದ್ಯರಿಗೆ ತಿಳಿಸದೆ ಗುಳಿಗೆ ನುಂಗುವವನಲ್ಲಿ ಇದೇ ವಿಷವಾಗಬಹುದು.

ಮನುಷ್ಯರ ಮೇಲಿನ ಪ್ರಯೋಗಗಳಿಗೆ ಬಂದರೆ ದಾಳಿಂಬೆಯ ಕಥೆ ಕಣ್ಣು ತೆರೆಸುವಂಥದ್ದು. 2006ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯರು, ಶಸ್ತ್ರಚಿಕಿತ್ಸೆ ಅಥವಾ ವಿಕಿರಣದ ನಂತರವೂ ಪಿಎಸ್‌ಎ ಏರುತ್ತಿದ್ದ 46 ಮಂದಿಗೆ ದಿನವೂ ಒಂದು ಲೋಟ ದಾಳಿಂಬೆ ರಸ ಕುಡಿಸಿದರು. ಪಿಎಸ್‌ಎ ಇಮ್ಮಡಿಯಾಗಲು ಹಿಡಿಯುತ್ತಿದ್ದ ಸಮಯ ಸರಾಸರಿ 15 ತಿಂಗಳಿಂದ 54 ತಿಂಗಳಿಗೆ ಹೋಯಿತು. ಸುದ್ದಿ ಲೋಕವೆಲ್ಲ ಹಬ್ಬಿತು. ಅದೇ ಬಳಗ, ಇದನ್ನು ಮೆಚ್ಚಿಕೊಳ್ಳಬೇಕು, ತನ್ನ ಫಲಿತಾಂಶವನ್ನು ತಾನೇ ಮತ್ತೆ ಪರೀಕ್ಷೆಗೊಡ್ಡಿತು. ಈ ಸಲ 183 ಮಂದಿ. ಕೆಲವರಿಗೆ ದಾಳಿಂಬೆ, ಕೆಲವರಿಗೆ ನೋಡಲು ಹಾಗೆಯೇ ಇರುವ ಹುಸಿ ಪಾನೀಯ. 2015ರಲ್ಲಿ ಫಲಿತಾಂಶ ಬಂತು: ಎರಡು ಗುಂಪುಗಳಲ್ಲಿ ಗಣನೀಯ ವ್ಯತ್ಯಾಸವಿಲ್ಲ. ಹುಸಿ ಪಾನೀಯ ಕುಡಿದವರಲ್ಲೂ ಪಿಎಸ್‌ಎ ಏರಿಕೆ ನಿಧಾನವಾಗಿತ್ತು. ಹೋಲಿಕೆಯ ಗುಂಪು ಇಲ್ಲದ ಪ್ರಯೋಗವನ್ನು ನಂಬಿ ಮುಂದುವರಿಯಬಾರದು ಎಂಬುದಕ್ಕೆ ಇಷ್ಟು ಸಾಕು.

ಹಸಿರು ಚಹಾದಲ್ಲೂ ಹೀಗೆಯೇ ಆಯಿತು. ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಕಂಡಿದ್ದ 60 ಮಂದಿ ಇಟಲಿಯವರಲ್ಲಿ, ಚಹಾದ ಕ್ಯಾಟೆಚಿನ್ ತೆಗೆದುಕೊಂಡ 30 ಜನರಲ್ಲಿ ಒಬ್ಬನಿಗೆ, ಹುಸಿ ಮಾತ್ರೆಯ 30 ಜನರಲ್ಲಿ ಒಂಬತ್ತು ಮಂದಿಗೆ ವರ್ಷದೊಳಗೆ ಕ್ಯಾನ್ಸರ್ ಬಂತೆಂದು 2006ರಲ್ಲಿ ವರದಿಯಾಯಿತು. 2015ರಲ್ಲಿ ಅಮೆರಿಕದಲ್ಲಿ 97 ಮಂದಿಯ ಮೇಲೆ ನಡೆದ ಪ್ರಯೋಗ ಆ ಲಾಭವನ್ನು ಕಾಣಲಿಲ್ಲ. ಬ್ರಿಟನ್ನಿನಲ್ಲಿ ದಾಳಿಂಬೆ, ಹಸಿರು ಚಹಾ, ಅರಿಶಿನ, ಬ್ರೊಕೊಲಿ ನಾಲ್ಕನ್ನೂ ಸೇರಿಸಿದ ಮಾತ್ರೆಯನ್ನು 199 ಮಂದಿಯಲ್ಲಿ ಆರು ತಿಂಗಳು ಪರೀಕ್ಷಿಸಿದಾಗ, ಮಾತ್ರೆ ತಿಂದವರ ಪಿಎಸ್‌ಎ ಮಧ್ಯಮ ಲೆಕ್ಕದಲ್ಲಿ ಶೇ 14.7 ಏರಿತು, ಹುಸಿ ಮಾತ್ರೆಯವರದು ಶೇ 78.5. ಈ ಕ್ಷೇತ್ರದ ಆಶಾದಾಯಕ ಫಲಿತಾಂಶಗಳಲ್ಲಿ ಇದೊಂದು. ಆದರೆ ಅಳೆದದ್ದು ಪಿಎಸ್‌ಎ. ಅದನ್ನು ತಯಾರಿಸುವ ಜೀನು ಆಂಡ್ರೊಜನ್ ಗ್ರಾಹಕದ ಕೈಯಲ್ಲಿರುವುದರಿಂದ, ಗಡ್ಡೆ ಇದ್ದಂತೆಯೇ ಇದ್ದು ಪಿಎಸ್‌ಎ ಮಾತ್ರ ಇಳಿಯುವುದೂ ಸಾಧ್ಯ. ಕೊರಿಯಾದಲ್ಲಿ ಹಾರ್ಮೋನ್ ಚಿಕಿತ್ಸೆಗೆ ಬಿಡುವು ಕೊಟ್ಟು ಮತ್ತೆ ಶುರುಮಾಡುವ ರೋಗಿಗಳಿಗೆ ಆರು ತಿಂಗಳು ಕರ್ಕ್ಯುಮಿನ್ ಕೊಟ್ಟರು. ಬಿಡುವಿನ ಅವಧಿ ಅದರಿಂದ ಹೆಚ್ಚಲಿಲ್ಲ.

ಪರಂಪರೆಯ ಹೆಸರಿನಲ್ಲಿ ಬಂದ ಔಷಧವೊಂದು ಇಡೀ ಕ್ಷೇತ್ರವನ್ನೇ ನಡುಗಿಸಿದ್ದು ಪಿಸಿ-ಸ್ಪೆಸ್ ಪ್ರಕರಣದಲ್ಲಿ. ಚೀನೀ ವೈದ್ಯದ ಅತಿಮಧುರ, ಲಿಂಗ್‌ಝಿ ಅಣಬೆ, ಸೇವಂತಿಗೆಯಂಥ ಮೂಲಿಕೆಗಳಿಗೆ ಅಮೆರಿಕದ ಸಾ ಪಾಮೆಟೊ ಸೇರಿ ಒಟ್ಟು ಎಂಟು ವಸ್ತುಗಳ ಈ ಗುಳಿಗೆ 1996ರಿಂದ ಅಮೆರಿಕದಲ್ಲಿ ಆಹಾರ ಪೂರಕವೆಂದು ಮಾರಾಟವಾಯಿತು. ಪರಿಣಾಮ ಬೆರಗು ಹುಟ್ಟಿಸುವಂತಿತ್ತು. 2000ದಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೊದ ಅಧ್ಯಯನದಲ್ಲಿ ಹಾರ್ಮೋನಿಗೆ ಸ್ಪಂದಿಸುವ ಹಂತದ ಎಲ್ಲ ರೋಗಿಗಳ ಪಿಎಸ್‌ಎಯೂ ಶೇ 80ಕ್ಕಿಂತ ಹೆಚ್ಚು ಕುಸಿಯಿತು. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ರೋಗಿಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಫಲ ಸಿಕ್ಕಿತು. ಅನುಮಾನ ಮೊದಲೇ ಇತ್ತು: ಗುಳಿಗೆ ಈಸ್ಟ್ರೋಜನ್ನಿನಂತೆ ವರ್ತಿಸುತ್ತಿದೆ, ಎದೆ ಊದುತ್ತಿದೆ, ರಕ್ತ ಹೆಪ್ಪುಗಟ್ಟುತ್ತಿದೆ ಎಂದು 1998ರಲ್ಲೇ ವರದಿಯಾಗಿತ್ತು. 2002ರಲ್ಲಿ ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆ ಅದರಲ್ಲಿ ವಾರ್ಫರಿನ್, ಅಂದರೆ ರಕ್ತ ತೆಳುವಾಗಿಸುವ ಔಷಧ, ಪತ್ತೆಹಚ್ಚಿತು. ಹಳೆಯ ದಾಸ್ತಾನುಗಳನ್ನು ಒಂದೊಂದಾಗಿ ವಿಶ್ಲೇಷಿಸಿದವರಿಗೆ ಡಿಇಎಸ್ ಎಂಬ ಕೃತಕ ಈಸ್ಟ್ರೋಜನ್ನೂ ಇಂಡೊಮೆಥಾಸಿನ್ ಎಂಬ ನೋವಿನ ಔಷಧವೂ ಸಿಕ್ಕವು. ಡಿಇಎಸ್, ಹಗಿನ್ಸ್ ತೋರಿದ ದಾರಿಯಲ್ಲಿ ವೈದ್ಯರು ದಶಕಗಳಿಂದ ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುತ್ತಿದ್ದ ಔಷಧ. ಮೂಲಿಕೆಯ ಮಹಿಮೆ ಎಂದುಕೊಂಡದ್ದರಲ್ಲಿ ಎಷ್ಟು ಪಾಲು ಬೆರಕೆಯದು ಎಂದು ಬಿಡಿಸಿ ಹೇಳುವುದೇ ಕಷ್ಟವಾಯಿತು. ಮಾರಾಟ ನಿಂತಿತು, ನಡೆಯುತ್ತಿದ್ದ ಪ್ರಯೋಗಗಳೂ ನಿಂತವು. ಆ ಎಂಟು ಗಿಡಗಳಲ್ಲಿ ನಿಜವಾದ ಗುಣವಿದ್ದರೆ, ಬೆರಕೆ ಮಾಡಿದವರು ಅದನ್ನೂ ಮಣ್ಣುಪಾಲು ಮಾಡಿದರು. ಇದು ಚೀನಾ ಔಷಧದ ಪಾಡು ಮಾತ್ರವೂ ಅಲ್ಲ. ಅಂತರ್ಜಾಲದಲ್ಲಿ ಮಾರುವ ಆಯುರ್ವೇದ ಉತ್ಪನ್ನಗಳನ್ನು ಕೊಂಡು ಪರೀಕ್ಷಿಸಿದ 2008ರ ಅಮೆರಿಕದ ಅಧ್ಯಯನದಲ್ಲಿ ಐದರಲ್ಲೊಂದು ಭಾಗದಲ್ಲಿ ಸೀಸ, ಪಾದರಸ ಇಲ್ಲವೆ ಆರ್ಸೆನಿಕ್ ಇತ್ತು.

ಹಾಗಿದ್ದರೆ ಗೆದ್ದ ಗಿಡ ಇಲ್ಲವೇ? ಇದೆ. ಅದು ಯೂ ಮರ. 1962ರಲ್ಲಿ ಅಮೆರಿಕದ ವಾಯವ್ಯ ಕಾಡುಗಳಿಂದ ತಂದ ಪೆಸಿಫಿಕ್ ಯೂ ತೊಗಟೆಯಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಟ್ಯಾಕ್ಸಾಲ್ ಕಂಡರು. 1971ರಲ್ಲಿ ಅದರ ರಚನೆ ತಿಳಿಯಿತು. ಅದು ಕೋಶದೊಳಗಿನ ಸೂಕ್ಷ್ಮನಾಳಿಕೆಗಳನ್ನು ಅಲ್ಲಾಡದಂತೆ ಬಿಗಿದು ವಿಭಜನೆ ನಿಲ್ಲಿಸುತ್ತದೆಂದು 1979ರಲ್ಲಿ ಸೂಸನ್ ಹಾರ್ವಿಟ್ಸ್ ತೋರಿಸಿದರು. ತೊಗಟೆ ಸುಲಿದರೆ ಮರ ಸಾಯುತ್ತದೆ. ಫ್ರಾನ್ಸಿನ ಪಿಯರ್ ಪೊತಿಯೆ ಬಳಗ ಯುರೋಪಿನ ಯೂ ಎಲೆಯಿಂದ ಡೋಸಿಟ್ಯಾಕ್ಸೆಲ್ ರೂಪಿಸಿತು. ಎಲೆ ಮತ್ತೆ ಚಿಗುರುತ್ತದೆ. 2004ರಲ್ಲಿ ಇದು ಹಾರ್ಮೋನಿಗೆ ಬಗ್ಗದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಆಯಸ್ಸು ಹೆಚ್ಚಿಸಿದ ಮೊದಲ ಕಿಮೊ ಔಷಧವಾಗಿ ಒಪ್ಪಿಗೆ ಪಡೆಯಿತು. ಹೆಚ್ಚಿದ್ದು ಎರಡೂವರೆ ತಿಂಗಳಿನಷ್ಟು. ಹಬ್ಬಿದ ರೋಗಕ್ಕೆ ಹಾರ್ಮೋನ್ ಚಿಕಿತ್ಸೆಯ ಆರಂಭದಲ್ಲೇ ಸೇರಿಸಿದರೆ ವರ್ಷಕ್ಕೂ ಮೀರಿ, 44 ತಿಂಗಳ ಬದಲು 57.6 ತಿಂಗಳ ಬದುಕು ಸಿಗುತ್ತದೆಂದು 2015ರಲ್ಲಿ ಗೊತ್ತಾಯಿತು. ನಮ್ಮ ಹಿಮಾಲಯದ ಯೂ ಎಲೆಯನ್ನು ಕೆಲವೆಡೆ ತಾಲೀಸಪತ್ರವೆಂದು ಕೆಮ್ಮು ಜ್ವರಕ್ಕೆ ಬಳಸುವುದುಂಟು. ಕ್ಯಾನ್ಸರಿನ ಗುಣ ಕಂಡದ್ದು ರಸಾಯನಶಾಸ್ತ್ರದ ಕಣ್ಣಿಗೆ. ಔಷಧದ ಬೇಡಿಕೆಯಿಂದ ಆ ಮರ ಹಿಮಾಲಯದಲ್ಲಿ ಅಳಿವಿನಂಚಿಗೆ ಬಂದಿರುವುದು ಈ ಗೆಲುವಿನ ಕಹಿ ಭಾಗ. ಪಶ್ಚಿಮ ಘಟ್ಟದ ದುರ್ವಾಸನೆ ಮರಕ್ಕೂ ಅದರ ಕ್ಯಾಂಪ್ಟೊಥೆಸಿನ್‌ನಿಂದಾಗಿ ಇದೇ ಗತಿ ಬಂದಿದೆ. ಅದರಿಂದ ಹುಟ್ಟಿದ ಔಷಧಗಳು ಬೇರೆ ಕ್ಯಾನ್ಸರ್‌ಗಳಿಗೆ.

ಗೆಲುವಿನ ಹತ್ತಿರ ಬಂದು ನಿಂತವೂ ಇವೆ. ಮೆಡಿಟರೇನಿಯನ್ ತೀರದ ಥಾಪ್ಸಿಯಾ ಗಿಡವನ್ನು ಪುರಾತನ ಕಾಲದಿಂದ ಕೀಲುನೋವಿಗೆ ಹಚ್ಚುತ್ತಿದ್ದರು; ತಿಂದ ಒಂಟೆಗಳು ಸಾಯುತ್ತಿದ್ದವು. ಅದರ ಥಾಪ್ಸಿಗಾರ್ಜಿನ್ ಕೋಶದ ಕ್ಯಾಲ್ಸಿಯಂ ವ್ಯವಸ್ಥೆಯನ್ನೇ ಕೆಡಿಸಿ, ವಿಭಜನೆಯಾಗದೆ ಸುಮ್ಮನಿರುವ ಕೋಶವನ್ನೂ ಕೊಲ್ಲುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ನಿಧಾನವಾಗಿ ಬೆಳೆಯುವ ರೋಗವಾದ್ದರಿಂದ ಈ ಗುಣ ಅಮೂಲ್ಯ. ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಆ ವಿಷಕ್ಕೆ ಪೆಪ್ಟೈಡ್ ಸರಪಳಿ ಕಟ್ಟಿ, ಗಡ್ಡೆಯಲ್ಲಿರುವ ಕಿಣ್ವ ಮಾತ್ರ ಅದನ್ನು ಬಿಚ್ಚುವಂತೆ ಮಾಡಿದರು. ಮನುಷ್ಯರ ಮೇಲೆ ಪ್ರಯೋಗವೂ ನಡೆಯಿತು, ಔಷಧವಾಗಿ ಒಪ್ಪಿಗೆ ಸಿಗಲಿಲ್ಲ. ಹತ್ತಿಬೀಜದ ಗಾಸಿಪಾಲ್ ಡೋಸಿಟ್ಯಾಕ್ಸೆಲ್ ಜೊತೆ ಸೇರಿ ಹೆಚ್ಚಿನ ಲಾಭ ತೋರಲಿಲ್ಲ. ಆದರೂ ಕೆಲಸ ಸಾಗಬೇಕಾದ ರೀತಿ ಇದು.

ನಾಟಿ ಔಷಧದಿಂದ ವಾಸಿಯಾದೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. 2018ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪರ್ಯಾಯ ಚಿಕಿತ್ಸೆಯನ್ನಷ್ಟೇ ನೆಚ್ಚಿದ ಕ್ಯಾನ್ಸರ್ ರೋಗಿಗಳನ್ನು ಲೆಕ್ಕ ಹಾಕಿದಾಗ ಒಟ್ಟಾರೆ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಮಾತ್ರ ಐದಾರು ವರ್ಷಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ರೋಗವೇ ಅಷ್ಟು ನಿಧಾನ. ಏನೂ ಕೊಡದೆ ನಿಗಾ ಇಟ್ಟರೂ ಅನೇಕರು ಹಲವು ವರ್ಷ ಚೆನ್ನಾಗಿರುತ್ತಾರೆ, ಆ ಶ್ರೇಯಸ್ಸು ಕಷಾಯಕ್ಕೆ ಹೋಗುತ್ತದೆ. ಅದೇ ನಂಬಿಕೆಯಲ್ಲಿ ತೀವ್ರ ಸ್ವರೂಪದ ರೋಗದವನೂ ಕಾಯುತ್ತ ಕುಳಿತರೆ ಮೂಳೆಗೆ ಹಬ್ಬುತ್ತದೆ.

ಅಪಾಯವಿಲ್ಲವಲ್ಲ, ತೆಗೆದುಕೊಂಡರೇನು ಎಂಬ ಮಾತೂ ನಿಲ್ಲುವುದಿಲ್ಲ. ಕೆಲವು ಪ್ರಯೋಗಗಳಲ್ಲಿ ಅಶ್ವಗಂಧ ಗಂಡಸರ ಟೆಸ್ಟೊಸ್ಟೆರಾನ್ ಹೆಚ್ಚಿಸಿದೆ. ಅದನ್ನೇ ತಗ್ಗಿಸಲು ಚುಚ್ಚುಮದ್ದು ಪಡೆಯುತ್ತಿರುವವರಿಗೆ ಇದು ಎದುರು ಕೆಲಸ. ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಲಕ್ಷ್ಮಣಫಲದ ಎಲೆಯ ಕಷಾಯವನ್ನೂ ಹಣ್ಣನ್ನೂ ವರ್ಷಗಟ್ಟಲೆ ಬಳಸುವ ಕೆರಿಬಿಯನ್ ದ್ವೀಪ ಗ್ವಾಡಲೂಪ್‌ನಲ್ಲಿ ಪಾರ್ಕಿನ್ಸನ್‌ನಂಥ, ಮಾಮೂಲಿ ಔಷಧಕ್ಕೆ ಬಗ್ಗದ ನರರೋಗ ವಿಪರೀತವಾಗಿರುವುದನ್ನು 1999ರಲ್ಲಿ ಫ್ರೆಂಚ್ ವೈದ್ಯರು ಗುರುತಿಸಿದರು. ತಟ್ಟೆಯಲ್ಲಿ ಕ್ಯಾನ್ಸರ್ ಕೋಶದ ಉಸಿರು ನಿಲ್ಲಿಸುವ ಅದೇ ಗುಂಪಿನ ಸಂಯುಕ್ತಗಳು ಮಿದುಳಿನ ಕೋಶಕ್ಕೂ ಹಾಗೆಯೇ ಮಾಡುತ್ತವೆಂಬ ಶಂಕೆ ಪ್ರಾಣಿ ಪ್ರಯೋಗಗಳಿಂದ ಬಲಗೊಂಡಿದೆ.

ಊಟದ ಅರಿಶಿನ, ಮೆಣಸು, ದಾಳಿಂಬೆಗೆ ಯಾರೂ ಹೆದರಬೇಕಿಲ್ಲ. ಮಾತು ಸತ್ವ, ಗುಳಿಗೆ, ಚೂರ್ಣ, ಕಷಾಯಗಳದ್ದು. ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾದವರು ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ತಾವು ತೆಗೆದುಕೊಳ್ಳುತ್ತಿರುವ ಡಬ್ಬಿ, ಬಾಟಲಿ, ಪೊಟ್ಟಣಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ. ಯಾವಾಗ ಶುರುಮಾಡಿದಿರಿ, ಎಷ್ಟು ಎಂಬುದನ್ನೂ ಹೇಳಿ. ವೈದ್ಯರಲ್ಲೂ ಒಂದು ವಿನಂತಿ: ಅದನ್ನು ನೋಡಿ ಗದರಬೇಡಿ. ಗದರಿದರೆ ಮುಂದಿನ ಸಲ ಆ ಚೀಲ ಮನೆಯಲ್ಲೇ ಉಳಿಯುತ್ತದೆ.